ಮನೆದೇವರ ಕಾವಲಿನಲ್ಲಿ ನಮ್ಮ ವೈಫೈ

ನಮ್ಮ ಮಾವ ಬೆರಳು ತೋರಿಸಲಿಲ್ಲ. ಬೆರಳು ಮಾಡಿ ತೋರಿಸುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ಬದುಕಿಡೀ ನಂಬಿದವರು ಅವರು. ಹಾಗಾಗಿ ಗದ್ದ ತೋರಿಸಿದರು. ಚಳ್ಳಕೆರೆಯ ನಮ್ಮ ಮನೆಯ ನಡುಮನೆಯಲ್ಲಿ ನಿಂತು ಸಬ್‌ಇನ್‌ಸ್ಪೆಕ್ಟರು, “ಈ ಮನೇಲಿ ಕಂಪ್ಯೂಟರ್ ಹಿಡಿಯೋರು ಯಾರು?” ಎಂದು ಕೇಳಿದಾಗ ಮಾವ ಗದ್ದವನ್ನು ಒಂದಿಷ್ಟು ಮೇಲೆತ್ತಿ ಎಡಕ್ಕೆ ತಿರುಗಿಸಿದರು. ಆ ಎಡಗಡೆ ಮೂಲೆಯಲ್ಲಿ, ಮಂಡಕ್ಕಿ ಒಗ್ಗರಣೆಯ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದವನು ನನ್ನ ತಮ್ಮ.

ವರ್ಷಗಳಾದವು. ಈಗಲೂ ಯಾರಾದರೂ ಸುಮ್ಮನೆ ಗದ್ದ ಕೆರೆದುಕೊಂಡರೂ ನಾನು ಎಡಗಡೆ ಮೂಲೆ ನೋಡುತ್ತೇನೆ. ಬಾಯಿಗೆ ಹಾಕಿಕೊಂಡ ಮಂಡಕ್ಕಿಯನ್ನು ಅಗಿಯಬೇಕೋ ಉಗುಳಬೇಕೋ ತಿಳಿಯದೆ ಅವನು ನನ್ನ ಕಡೆ ನೋಡಿದ ನೋಟ ಹಾಗೇ ಎದುರಿಗೆ ಬಂದು ನಿಲ್ಲುತ್ತದೆ.

ಅವನು ನಮ್ಮ ಮನೆಯಲ್ಲಿದ್ದದ್ದು ಇಂಟರ್‌ನೆಟ್ಟಿಗಾಗಿ. ನನ್ನ ತವರು ಮೊಳಕಾಲ್ಮೂರು. ಮನೆಯಲ್ಲಿ ರೇಷ್ಮೆ ಸೀರೆಯ ಮಗ್ಗ. ಫೋನಿನ ತಂತಿ ಆ ಬೀದಿಗಿನ್ನೂ ಸರಿಯಾಗಿ ಬಂದಿರಲಿಲ್ಲ. ತಮ್ಮ ಡಿಗ್ರಿ ಮುಗಿಸಿ, ಸರ್ಕಾರಿ ಕೆಲಸದ ಪರೀಕ್ಷೆ ಬರೆದು, ಆಯ್ಕೆಯಾಗಿದ್ದ. ಆದೇಶ ಕೈಗೆ ಬರಲು ಉಳಿದಿದ್ದದ್ದು ಒಂದೇ ಒಂದು ಗೇಟು, ಪೊಲೀಸ್ ವೆರಿಫಿಕೇಶನ್. ಹುಡುಗನ ಮೇಲೆ ಯಾವ ಕೇಸೂ ಇಲ್ಲ ಎಂದು ಠಾಣೆಯಿಂದ ಬರೆದು ಹೋಗಬೇಕು. ಮಗ್ಗದ ಮನೆಯಲ್ಲಿ ಹುಟ್ಟಿ ಕುರ್ಚಿಯ ಮೇಲೆ ಕೂರುವ ಕೆಲಸ ಹಿಡಿಯಲಿದ್ದ ಮೊದಲನೆಯವನು. ಆ ಆದೇಶದ ಸುದ್ದಿಯನ್ನು ದಿನಾ ಕಂಪ್ಯೂಟರಿನಲ್ಲಿ ನೋಡಲೆಂದು ಅಕ್ಕನ ಮನೆಗೆ ಬಂದಿದ್ದ.

ಎರಡು ಸಾವಿರದ ಮೊದಲ ದಶಕ ಮುಗಿಯುತ್ತಿದ್ದ ಕಾಲ. ಪೇಪರ್ ಬಿಡಿಸಿದರೆ ಯಾವುದಾದರೂ ಒಂದು ದೊಡ್ಡ ಊರಿನ ಬಾಂಬಿನ ಸುದ್ದಿ. ನಮ್ಮ ಬೀದಿಯಲ್ಲಿ ಬ್ರಾಡ್‌ಬ್ಯಾಂಡ್ ಮೊದಲು ಬಂದದ್ದು ನಮ್ಮ ಮನೆಗೆ. ಎರಡು ಕೊಂಬಿನ ಬಿಳಿ ಡಬ್ಬಿಯನ್ನು ಟಿವಿಯ ಪಕ್ಕ ಕೂರಿಸಿ, ತಂತಿ ಸಿಕ್ಕಿಸಿದಾತ ಹೊರಡಲು ಎದ್ದ. ಬೀಗ ಹಾಕಿ ಕೊಡಿ ಎಂದೆ.

“ಲಾಕ್ ಯಾಕೆ ಮೇಡಂ?” ಅವನಿಗೆ ನಗು. “ಈ ಬೀದೀಲಿ ಲ್ಯಾಪ್‌ಟಾಪ್ ಇರೋದೇ ನಿಮ್ಮನೇಲಿ. ಕಳ್ಳ ಬಂದ್ರೂ ಕದಿಯಾಕೆ ಅವನತ್ರ ಸಾಮಾನು ಇರಬೇಕಲ್ಲ?”

ಮಾವನೂ ನನ್ನ ಗಂಡನೂ ಅವನ ಜೊತೆ ಸೇರಿ ನಕ್ಕರು. ಬೀದಿಯಲ್ಲಿ ಇವತ್ತು ಇಲ್ಲದ್ದು ನಾಳೆಯೂ ಇರುವುದಿಲ್ಲ ಎಂಬುದು ಈ ಮನೆಯವರ ಗಟ್ಟಿ ನಂಬಿಕೆ. ಮೊಬೈಲಿನ ಬಗ್ಗೆಯೂ ಹಾಗೇ ಹೇಳಿದ್ದರಂತೆ.

ನಾನು ಬಿ.ಎಸ್ಸಿ. ಓದಿದವಳು. ಆ ಓದು ಈ ಮನೆಯಲ್ಲಿ ಹಾಲಿನ ಲೆಕ್ಕಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಉಪಯೋಗಕ್ಕೆ ಬಂದಿರಲಿಲ್ಲ. ಡಬ್ಬಿಯ ಜೊತೆ ಬಂದ ಇಂಗ್ಲಿಷ್ ಪುಸ್ತಿಕೆಯನ್ನು ಕೂತು ಓದಿದೆ. ಗೋಡೆಗೆ ಬಂದು ನಿಲ್ಲುವ ವಸ್ತುವಲ್ಲ ಅದು. ನಮ್ಮ ಡಬ್ಬಿಯ ಅಲೆ ಬೀದಿಗೂ ಹೋಗುತ್ತದೆ, ಎದುರು ಮನೆಗೂ ಹೋಗುತ್ತದೆ. ಆ ಅಲೆ ಹಿಡಿದು ಯಾರು ಏನು ಮಾಡಿದರೂ ಹೊರಗಿನವರಿಗೆ ಕಾಣುವುದು ನಮ್ಮ ಮನೆ ವಿಳಾಸ. ಡಬ್ಬಿಯ ಒಳಗೆ ಹೋಗಿ ಬೀಗ ಬದಲಿಸುವುದಕ್ಕೇ ಒಂದು ಗುಪ್ತಪದವಿರುತ್ತದೆ. ಕಾರ್ಖಾನೆಯವರು ಎಲ್ಲ ಡಬ್ಬಿಗೂ ಒಂದೇ ಪದ ಇಟ್ಟಿರುತ್ತಾರೆ. ಮೊದಲು ಅದನ್ನು ಬದಲಿಸಿದೆ. ಆಮೇಲೆ, ಇದ್ದ ಬೀಗಗಳಲ್ಲಿ ಗಟ್ಟಿಯಾದದ್ದನ್ನು ಆರಿಸಿ, ಅಕ್ಷರ ಅಂಕಿ ಬೆರೆಸಿ, ಯಾವ ಅರ್ಥವೂ ಇಲ್ಲದ ಉದ್ದನೆಯ ಪಾಸ್‌ವರ್ಡ್ ಇಟ್ಟೆ.

ನನ್ನ ಗಂಡ ಒಂದು ಸಲ ಕೇಳಿ, “ಇದೇನೇ, ಲಾರಿ ನಂಬರ್ರಾ?” ಎಂದರು.

“ಲಾರಿ ನಂಬರ್ ಆದ್ರೆ ನಿಮಗೆ ನೆನಪಿರ್ತಿತ್ತು” ಎಂದೆ. ಎಣ್ಣೆ ಮಿಲ್ಲಿನ ಕಚೇರಿಯಲ್ಲಿ ಅವರ ಕೆಲಸ. ಬಂದು ಹೋದ ಲಾರಿಗಳ ನಂಬರು ವರ್ಷಗಟ್ಟಲೆ ನಾಲಿಗೆ ತುದಿಯಲ್ಲಿರುತ್ತದೆ. ಹೆಂಡತಿ ಇಟ್ಟ ಪಾಸ್‌ವರ್ಡ್ ಮಾತ್ರ ಸಂಜೆಯವರೆಗೂ ನಿಲ್ಲಲಿಲ್ಲ.

ಆ ಬೀಗ ಆಯುಧಪೂಜೆಯವರೆಗೆ ಬಾಳಿತು. ಆವತ್ತು ಸ್ಕೂಟರು, ಕುಡುಗೋಲು, ಮಿಕ್ಸಿ, ಹೊಲಿಗೆ ಯಂತ್ರಗಳ ಸಾಲಿನಲ್ಲಿ ಡಬ್ಬಿಗೂ ವಿಭೂತಿ ಬಳಿದು, ಕುಂಕುಮವಿಟ್ಟು, ಕೊಂಬುಗಳಿಗೆ ಚೆಂಡು ಹೂ ಸಿಕ್ಕಿಸಿದರು. ಹೂವಿನ ನೀರು ಒಳಗೆ ಇಳಿಯದಿದ್ದದ್ದೇ ಪುಣ್ಯ. ಮಂಗಳಾರತಿ ಆದ ಮೇಲೆ ಮಾವ ಕಣ್ಣು ಮುಚ್ಚಿಕೊಂಡೇ, “ಪೂಜೆ ಆತು, ಈಗ ಅದುಕ್ಕೊಂದು ಒಳ್ಳೆ ಹೆಸರಿಕ್ಕಿ. ಅದೇನೋ ಮಾಟ ಮಾಡಿದಂಗೆ ಐತೆ ನಿಮ್ಮ ಪಾಸ್‌ವರ್ಡು” ಎಂದರು.

ಅತ್ತೆ ಒಳಗಿಂದ, “ಮನೆದೇವ್ರ ಹೆಸರಿಡ್ರಿ. ಅವ್ವ ಕಾಯ್ತಾಳೆ” ಎಂದರು.

ಬೇಡ ಎಂದು ನಾನು ಹೇಳಿದೆ. ಕಾರಣ ಸಮೇತ ಹೇಳಿದೆ. ಮನೆದೇವರ ಹೆಸರಿಗೆ ಸೊಸೆ ಬೇಡ ಅಂದಳು ಎಂಬುದಷ್ಟೇ ಅವರ ಕಿವಿಗೆ ಬಿತ್ತು. ಹಬ್ಬದ ದಿನ ಅತ್ತೆಯ ಕಣ್ಣಲ್ಲಿ ನೀರು. ನನ್ನ ಗಂಡ ಪಂಚೆ ಎತ್ತಿ ಕಟ್ಟಿ ಕೂತು, ನಾನು ತೋರಿಸಿಕೊಟ್ಟಿದ್ದ ದಾರಿಯಲ್ಲೇ ಡಬ್ಬಿಯ ಒಳಗೆ ಹೋಗಿ, ಬೀಗ ಬದಲಿಸಿದರು. ‘ಗೌರಸಮುದ್ರ ಮಾರಮ್ಮ’ ಎಂದು ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ. ಎಲ್ಲರೂ ಕೈಮುಗಿದರು. ಪಾಸ್‌ವರ್ಡಿಗೆ ಕೈಮುಗಿದ ಇನ್ನೊಂದು ಮನೆ ನಮ್ಮ ದೇಶದಲ್ಲಿದ್ದರೆ ನನಗೆ ಗೊತ್ತಿಲ್ಲ.

ಹೊರಗಿನ ಓದುಗರಿಗೆ ಈ ಘನಕಾರ್ಯ ಅರ್ಥವಾಗಬೇಕಾದರೆ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ನಮ್ಮಲ್ಲಿ ಅಪರಿಚಿತರು ಬಸ್ಸಿನಲ್ಲಿ ಪಕ್ಕ ಕೂತರೆ ಹೆಸರು ಕೇಳುವುದಿಲ್ಲ. “ಯಾವೂರು?” ಆದ ಮೇಲೆ ಎರಡನೇ ಪ್ರಶ್ನೆಯೇ “ಮನೆದೇವ್ರು ಯಾವುದು?” ಅದಕ್ಕೆ ಉತ್ತರ ಹೇಳದೆ ಇರುವುದು ಅವಮಾನ. ನಮ್ಮವರ ಲೆಕ್ಕದಲ್ಲಿ ಒಂದೇ ಮನೆದೇವರಿನವರು ಅಣ್ಣತಮ್ಮಂದಿರು; ಹೆಣ್ಣು ತರುವುದು ಬೇರೆ ದೇವರ ಮನೆಯಿಂದ. ಹಾಗಾಗಿ ಕುರಿ ಕೊಳ್ಳಲು ಬಂದವನು, ಹೆಣ್ಣು ನೋಡಲು ಬಂದವನು, ಮಳೆಗೆ ಜಗುಲಿಯಲ್ಲಿ ನಿಂತವನು, ಎಲ್ಲರೂ ಅದನ್ನೇ ಕೇಳುತ್ತಾರೆ, ಎಲ್ಲರಿಗೂ ಗಟ್ಟಿ ದನಿಯಲ್ಲಿ ಉತ್ತರ ಸಿಗುತ್ತದೆ. ಊರಿನಲ್ಲಿ ಯಾರ ಬಾಯಲ್ಲೂ ನಿಲ್ಲದ ಒಂದೇ ಒಂದು ಪದವನ್ನು ಹುಡುಕಿ ತಂದು ನಮ್ಮ ಮನೆಯವರು ಗುಟ್ಟು ಮಾಡಿಕೊಂಡರು.

ಅದೂ ಸಾಲದೆಂದು ಮಾವ ಸಂಜೆಯ ಹೊತ್ತು ಮನೆ ಮುಂದಿನ ಕಟ್ಟೆಯ ಮೇಲೆ ಕೂತು, ಬಂದವರಿಗೆಲ್ಲ, “ನಮ್ಮನೆ ಇಂಟರ್‌ನೆಟ್ಟಿಗೆ ಮನೆದೇವ್ರೇ ಕಾವಲು ಕಣಪ್ಪಾ” ಎಂದು ಹೇಳಿಕೊಳ್ಳುತ್ತಿದ್ದರು. ಕಾವಲು! ನಮ್ಮ ತಾಲ್ಲೂಕಿನಲ್ಲಿ ಆ ಪದ ಹೇಳುವವರಿಗೆ ನಾಚಿಕೆಯಾಗಬೇಕು. ವರವು ಕಾವಲ್ ಎಂದು ಹೆಸರು ಹೊತ್ತ ಹುಲ್ಲುಗಾವಲಿನಲ್ಲಿ ತಲೆಮಾರಿನಿಂದ ಸುತ್ತೂರಿನ ಕುರಿಗಳೆಲ್ಲ ಮೇಯ್ದಿವೆ. ನಮ್ಮ ಮನೆಯ ಕಾವಲೂ ಅಂಥದ್ದೇ ಆಯಿತು.

ಎದುರು ಮನೆಯ ಮಹಡಿ ಮೇಲೊಂದು ಬಾಡಿಗೆ ಕೋಣೆ. ಅದಕ್ಕೆ ಡಿಗ್ರಿ ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬ ಬಂದ. ಬೇರೆ ಜಿಲ್ಲೆಯವನು, ಎಣ್ಣೆ ಹಾಕಿ ಬಾಚಿದ ಕ್ರಾಪು, ಹೆಗಲಿಗೆ ಕಪ್ಪು ಬ್ಯಾಗು. ಬಂದ ವಾರವೇ ಕಟ್ಟೆಗೆ ಬಂದು ಮಾವನ ಕಾಲು ಮುಟ್ಟಿದ. ನಾನು ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದೆ.

“ಮನೆದೇವ್ರು ಯಾವುದ್ರಿ ತಮ್ದು?” ಎಂದ.

“ನಮ್ದಾ? ಗೌರಸಮುದ್ರ ಮಾರಮ್ಮ.”

“ಅಯ್ಯೋ! ನಮ್ದೂ ಅವ್ಳೇ ಕಣ್ರಿ! ಹಂಗಾರೆ ನೀವು ನಂಗೆ ದೊಡ್ಡಪ್ಪ ಆಗ್ಬೇಕು!”

ಮಾವ ಕರಗಿಹೋದರು. “ಲೇ, ನಮ್ಮ ಹುಡುಗ ಕಣ್ಲೇ ಇವ್ನು! ಬಾರೋ, ಕುಂತ್ಕೊ. ಕಾಫಿ ತರಮ್ಮಾ!” ಕಾಫಿ ಕುಡಿಯುತ್ತಾ ಇಂಟರ್‌ನೆಟ್ಟಿನ ಕಾವಲಿನ ಮಾತು ಬಂತು. ಹುಡುಗ ಭಕ್ತಿಯಿಂದ ತಲೆಯಾಡಿಸಿದ. ಇಂಗ್ಲಿಷಿನಲ್ಲಿ ಗೌರ ಎಂದು ಬರೆಯುವಾಗ ಡಬ್ಲ್ಯೂ ಬರುತ್ತದೋ ಯು ಬರುತ್ತದೋ ಎಂದು ಎಷ್ಟೋ ಜನ ತಪ್ಪು ಮಾಡುತ್ತಾರೆ ದೊಡ್ಡಪ್ಪ, ಎಂದ.

“ಡಬ್ಲ್ಯೂ ಕಣೋ. ನಮ್ಮ ಮಗ ಹಾಕೋದು ಡಬ್ಲ್ಯೂನೇ” ಎಂದರು ಮಾವ.

ಒಳಗೆ ಬಂದ ಮೇಲೆ, ಪಾಸ್‌ವರ್ಡನ್ನು ಅಕ್ಷರ ಅಕ್ಷರವಾಗಿ ಒಪ್ಪಿಸಿ ಬಂದಿರಲ್ಲ ಎಂದೆ. ಮಾವನಿಗೆ ನನ್ನ ಮೇಲೆ ಕನಿಕರ. “ಒಂದೇ ದೇವ್ರಿನೋರು ಒಬ್ರಿಗೊಬ್ರು ಕೆಟ್ಟದ್ದು ಮಾಡ್ತಾರೇನಮ್ಮಾ? ನೀನು ಬೇರೆ ದೇವ್ರಿನೋಳು, ನಿಂಗೆ ಅರ್ಥ ಆಗಲ್ಲ ಬಿಡು.”

ಗಂಡನಿಗೆ ಬದಲಿಸಿ ಎಂದೆ. “ಮುಂದಿನ ಆಯುಧಪೂಜೆಗೆ ನೋಡಾಣ” ಎಂದು ಮಗ್ಗುಲಾದರು.

ಡಿಗ್ರಿ ಪರೀಕ್ಷೆಯ ಹಿಂದಿನ ದಿನ ಒಂದು ಕಾಲೇಜಿಗೆ ಇಮೇಲ್ ಹೋಯಿತು: ಪರೀಕ್ಷೆ ನಡೆಯುವ ಕಟ್ಟಡದಲ್ಲಿ ಬಾಂಬ್ ಇಟ್ಟಿದ್ದೇವೆ. ಕಟ್ಟಡ ಖಾಲಿ ಮಾಡಿಸಿದರು, ನಾಯಿ ತರಿಸಿದರು, ಪರೀಕ್ಷೆ ಮುಂದೆ ಹೋಯಿತು. ಬಾಂಬ್ ಇರಲಿಲ್ಲ. ಆಗಿನ ದಿನಗಳಲ್ಲಿ ಇಂಥದ್ದನ್ನು ತಮಾಷೆ ಎಂದು ಬಿಡುವ ಹಾಗಿರಲಿಲ್ಲ, ಬಿಡಲೂಬಾರದು. ಇಮೇಲ್ ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ಬಂದರೆ ಒಂದು ಫೋನ್ ನಂಬರು ಸಿಕ್ಕಿತು. ಅದು ನಮ್ಮ ಮನೆಯದು. ಒಂದು ಬೆಳಿಗ್ಗೆ, ಮಂಡಕ್ಕಿ ತಿನ್ನುವ ಹೊತ್ತಿಗೆ ಜೀಪು ಬಂದು ನಿಂತಿತು.

ಸಬ್‌ಇನ್‌ಸ್ಪೆಕ್ಟರು ಕೆಟ್ಟವರೇನಲ್ಲ. ಬೂಟು ಹೊರಗೆ ಬಿಡಲಾ ಎಂದು ಕೇಳಿಯೇ ಒಳಗೆ ಬಂದದ್ದು. ಗದ್ದದ ಪ್ರಸಂಗ ಆದ ಮೇಲೆ, “ಇದುಕ್ಕೆ ಪಾಸ್‌ವರ್ಡ್ ಐತಾ?” ಎಂದರು.

ಆ ಪ್ರಶ್ನೆಯಲ್ಲೇ ನನ್ನ ತಮ್ಮನ ಬಿಡುಗಡೆ ಇತ್ತು. ನಾನು ಬಾಯಿ ತೆರೆದೆ: “ಐತೆ ಸಾರ್, ಆದ್ರೆ ಬೀದಿಗೆಲ್ಲ ಗೊತ್ತೈತೆ.”

“ಸುಮ್ನಿರಮ್ಮಾ” ಎಂದರು ಮಾವ. “ಸಾರ್, ಅವಳಿಗೆ ಗಾಬರಿ. ನಮ್ಮನೆ ಗುಟ್ಟು ನಮ್ಮನೆ ಹೊಸ್ತಿಲು ದಾಟಲ್ಲ. ಮನೆಯೋರಿಗೆ ಬಿಟ್ರೆ ಒಂದು ನರಪಿಳ್ಳೆಗೂ ಗೊತ್ತಿಲ್ಲ. ದೇವ್ರಾಣೆ.”

ಮನೆಯ ಮಾನ ಉಳಿಯಿತು. ಗುಟ್ಟು ಹೊಸ್ತಿಲು ದಾಟಿಲ್ಲ ಎಂದರೆ ಕೆಲಸ ಮಾಡಿದವನು ಹೊಸ್ತಿಲ ಒಳಗಿರಬೇಕು. ಒಳಗಿದ್ದವರಲ್ಲಿ ದಿನಾ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದವನು ಒಬ್ಬನೇ.

“ನಮ್ಮೋರು ಅಂಥೋರಲ್ಲ ಸಾರ್. ಇವ್ನು ಸೊಸೆ ಕಡೆಯೋನು. ಮೊಳಕಾಲ್ಮೂರು ಕಡೆಯಿಂದ ಬಂದು ಇಲ್ಲಿದಾನೆ” ಎಂದು ಮಾವ ಮುಗಿಸಿದರು. ಅತ್ತೆ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ನನ್ನ ಗಂಡ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ತೊಳೆಯುತ್ತಿದ್ದರು. ಮದುವೆಯಾದಂದಿನಿಂದ ಅವರು ತೊಳೆದ ಮೊದಲ ತಟ್ಟೆ ಅದು.

ಜೀಪು ಹತ್ತುವಾಗ ತಮ್ಮ ನನ್ನ ಕಡೆ ತಿರುಗಿ ತೆಲುಗಿನಲ್ಲಿ ಹೇಳಿದ, “ಅಕ್ಕಾ, ನೇನೇಮೀ ಚೇಯಲೇದು.” ನಾನೇನೂ ಮಾಡಿಲ್ಲ ಎಂದು. ಗಡಿಯ ಊರಿನವರು ನಾವು. ಎದೆ ಒಡೆದಾಗ ಬಾಯಿಗೆ ಯಾವ ಭಾಷೆ ಬರುತ್ತದೋ ನಮಗೇ ತಿಳಿಯುವುದಿಲ್ಲ.

“ಏನಂತಾನೆ ಅವ್ನು?” ಎಂದು ಪೇದೆ ಕೇಳಿದ.

“ಏನೋ ಸಾರ್, ಅವರ ಭಾಷೆ. ನಮಗೆ ತಿಳಿಯಲ್ಲ” ಎಂದರು ಮಾವ. ಅನಂತಪುರದಿಂದ ಶೇಂಗಾ ತರುತ್ತಿದ್ದವರ ಜೊತೆ ಜೀವನವಿಡೀ ತೆಲುಗಿನಲ್ಲೇ ಚೌಕಾಸಿ ಮಾಡಿದವರು. ಆ ಗಳಿಗೆಯಲ್ಲಿ ಮಾತ್ರ ಮರೆತುಹೋಯಿತು.

ನಾನು ಚಪ್ಪಲಿ ಹಾಕಿಕೊಂಡೆ. ಹೆಂಗಸರು ಠಾಣೆಗೆ ಹೋಗಬಾರದು ಎಂದರು. ನಾನು ಬೀದಿಗಿಳಿದ ಮೇಲೆ, ಸೊಸೆ ಒಬ್ಬಳೇ ಹೋದರೆ ಇನ್ನೂ ಮಾನ ಹೋಗುತ್ತದೆ ಎಂದು ಲೆಕ್ಕ ಹಾಕಿ ಮಾವನೂ ಗಂಡನೂ ಹಿಂದೆ ಬಂದರು.

ಠಾಣೆಯ ಬೆಂಚಿನ ಮೇಲೆ ನಮ್ಮನ್ನು ಕೂರಿಸಿದರು. ತಮ್ಮ ಒಳಗಿನ ಕೋಣೆಯಲ್ಲಿದ್ದ; ಬಾಗಿಲ ಸಂದಿಯಲ್ಲಿ ಅವನ ಮೊಣಕಾಲು ಮಾತ್ರ ಕಾಣುತ್ತಿತ್ತು. ಅವನಿಗೆ ಯಾರೂ ಕೈ ಹಚ್ಚಲಿಲ್ಲ. ಆ ಮಾತು ಹೇಳಲೇಬೇಕು. ಆದರೆ ಮೇಜಿನ ಮೇಲೆ ಬಿಳಿ ಹಾಳೆ ಇತ್ತು, ಪೆನ್ನಿನ ಮುಚ್ಚಳ ತೆಗೆದಿತ್ತು. ಕೇಸು ಎಂದು ಅದರ ಮೇಲೆ ಒಂದು ಸಾಲು ಬಿದ್ದರೆ ಅವನ ಆದೇಶ ಅಲ್ಲಿಗೇ ಸತ್ತಿತು. ನಾನು ಆ ಪೆನ್ನನ್ನೇ ನೋಡುತ್ತಾ ಕೂತಿದ್ದೆ. ಬೀದಿಗೆಲ್ಲ ಗೊತ್ತಿದೆ ಎಂದು ಇನ್ನೊಮ್ಮೆ ಹೇಳಿದೆ. ಅಕ್ಕ ತಾನೇ, ಹಾಗೇ ಹೇಳುತ್ತಾಳೆ ಎಂಬಂತೆ ಸಬ್‌ಇನ್‌ಸ್ಪೆಕ್ಟರು ತಲೆಯಾಡಿಸಿದರು. ಮನೆಯ ಯಜಮಾನರೇ ದೇವರಾಣೆ ಇಟ್ಟು ಹೇಳಿದ್ದಾರಲ್ಲ.

ಅಷ್ಟರಲ್ಲಿ ಇನ್‌ಸ್ಪೆಕ್ಟರು ಬಂದರು. ನಿವೃತ್ತಿಗೆ ಹತ್ತಿರದ, ನಮ್ಮ ಕಡೆಯದೇ ಮಾತಿನ ಮನುಷ್ಯ. ಬೆಂಚಿನ ಮೇಲೆ ಮುದುಡಿ ಕೂತ ಮುದುಕರನ್ನು ನೋಡಿ ಅವರಿಗೆ ಕನಿಕರವಾಯಿತೇನೋ. ಟೀ ಹೇಳಿದರು. ಟೀ ಬರುವವರೆಗೆ ಮಾತಿಗೊಂದು ಮಾತು ಇರಲಿ ಎಂದು, “ಯಜಮಾನ್ರೇ, ಯಾವ ಪೈಕಿ ನೀವು? ಮನೆದೇವ್ರು ಯಾವುದು?” ಎಂದರು.

ಮಾವನ ಬೆನ್ನು ನೆಟ್ಟಗಾಯಿತು. ಬೆಳಗಿನಿಂದ ಯಾರೂ ಅವರನ್ನು ಮನುಷ್ಯರಂತೆ ಮಾತಾಡಿಸಿರಲಿಲ್ಲ.

“ನಮ್ದು ಗೌರಸಮುದ್ರ ಮಾರಮ್ಮ ಸಾರ್!” ಠಾಣೆಯೆಲ್ಲ ಕೇಳುವ ಹಾಗೆ ಹೇಳಿದರು.

ನಾನು ಎದ್ದು ನಿಂತೆ.

“ಸಾರ್, ಆ ಹಾಳೆ ಮ್ಯಾಲೆ ಅದನ್ನೇ ಬರ್ಕೊಳ್ಳಿ. ಅದೇ ಪಾಸ್‌ವರ್ಡು.”

ಯಾರಿಗೂ ಅರ್ಥವಾಗಲಿಲ್ಲ.

“ನಮ್ಮ ಮಾವ ಈಗ ಹೇಳಿದ್ರಲ್ಲ, ಅದೇ ಸಾರ್. ಗೌರ ಬರೆಯುವಾಗ ಡಬ್ಲ್ಯೂ. ನರಪಿಳ್ಳೆಗೂ ಗೊತ್ತಿಲ್ಲ ಅಂತ ದೇವ್ರಾಣೆ ಮಾಡಿದ್ದು ಈಗ ನಿಮಗೆ ಗೊತ್ತಾಯ್ತು, ಸಬ್‌ಇನ್‌ಸ್ಪೆಕ್ಟರಿಗೆ ಗೊತ್ತಾಯ್ತು, ಟೀ ತರಾಕೆ ಹೊರಟೋರಿಗೂ ಗೊತ್ತಾಯ್ತು. ನೀವು ಬೆದರಿಸಿ ಕೇಳಲಿಲ್ಲ. ಬಸ್ಸಿನಾಗೆ ಕೇಳಿದಂಗೆ ಕೇಳಿದ್ರಿ.”

ಇನ್‌ಸ್ಪೆಕ್ಟರು ಮಾವನ ಮುಖ ನೋಡಿದರು. “ಹೌದೇನ್ರಿ?”

“ಹೌದು ಸಾರ್… ಆದ್ರೆ… ಅದೇನು ಗುಟ್ಟಾ ಸಾರ್? ಮನೆದೇವ್ರು ಯಾರಾದ್ರೂ ಕೇಳಿದ್ರೆ ಹೇಳದೆ ಇರಾಕಾಗ್ತದಾ?”

“ಯಾರ್‍ಯಾರಿಗೆ ಹೇಳಿದೀರಿ?”

“ಯಾರಿಗೆ ಹೇಳಿಲ್ಲ ಕೇಳ್ರಿ” ಎಂದರು ಮಾವ. ಆ ದಿನ ಅವರ ಬಾಯಿಂದ ಬಂದ ಒಂದೇ ನಿಜ.

ಇನ್‌ಸ್ಪೆಕ್ಟರು ನಗಲಿಲ್ಲ. ಸಬ್‌ಇನ್‌ಸ್ಪೆಕ್ಟರಿಗೆ ಠಾಣೆಯ ಲ್ಯಾಪ್‌ಟಾಪ್ ಕೊಟ್ಟು ನಮ್ಮ ಬೀದಿಗೆ ಕಳಿಸಿದರು. ಎದುರು ಮನೆಯ ಮೆಟ್ಟಿಲ ಮೇಲೆ ಕೂತು ಮಾರಮ್ಮನ ಹೆಸರು ಹೊಡೆದರೆ ನಮ್ಮ ಇಂಟರ್‌ನೆಟ್ ತೆರೆದುಕೊಂಡಿತಂತೆ. ಮೆಟ್ಟಿಲ ಮೇಲಿನ ಕೋಣೆಗೆ ಬೀಗ. ಪರೀಕ್ಷೆ ಮುಂದೆ ಹೋದ ಖುಷಿಗೆ ಹುಡುಗ ಊರಿಗೆ ಹೋಗಿದ್ದ. ಹುಡುಗನ ಕಾಲೇಜು ಯಾವುದು, ಅವನು ಕಟ್ಟೆಯ ಮೇಲೆ ಏನು ಕೇಳಿದ, ಯಾವ ಅಕ್ಷರಕ್ಕೆ ಅನುಮಾನಪಟ್ಟ, ಎಲ್ಲವನ್ನೂ ನಾನು ಹೇಳಿದೆ. ಈ ಸಲ ಯಾರೂ ಸುಮ್ಮನಿರಮ್ಮಾ ಎನ್ನಲಿಲ್ಲ. ಸಂಜೆಗೆ ಹಾಳೆ ಬಿಳಿಯಾಗಿಯೇ ಉಳಿಯಿತು. ತಮ್ಮನನ್ನು ಕಳಿಸಿಕೊಟ್ಟರು.

ಹುಡುಗ ತನ್ನ ಊರಿನಲ್ಲೇ ಸಿಕ್ಕಿಬಿದ್ದ. ಓದಿರಲಿಲ್ಲವಂತೆ, ಅಷ್ಟೇ ಕಾರಣ. ಕೇಳಿದ್ದನ್ನೆಲ್ಲ ಒಪ್ಪಿಕೊಂಡನಂತೆ. ವಿಚಾರಣೆಯಲ್ಲಿ ಇನ್ನೊಂದು ಸಂಗತಿಯೂ ಹೊರಬಿತ್ತು: ಅವನ ಮನೆದೇವರು ಬೇರೆ. ಮಾರಮ್ಮನಿಗೂ ಅವನ ವಂಶಕ್ಕೂ ಸಂಬಂಧವೇ ಇಲ್ಲ.

ಮಾವ ಎರಡು ಹೊತ್ತು ಊಟ ಬಿಟ್ಟದ್ದು ಈ ಸುದ್ದಿ ಕೇಳಿದ ಮೇಲೆ. “ಬಾಂಬ್ ಅಂದಿದ್ದು ಹಾಳಾಗೋಗ್ಲಿ” ಎಂದು ಕಟ್ಟೆಯ ಮೇಲೆ ಹಣೆ ಬಡಿದುಕೊಂಡರು. “ಮನೆದೇವ್ರ ವಿಷ್ಯದಾಗೆ ಯಾರಾದ್ರೂ ಸುಳ್ಳು ಹೇಳ್ತಾರೇನ್ರಯ್ಯಾ?” ಬೀದಿಯೆಲ್ಲ ಬಂದು ಸಮಾಧಾನ ಹೇಳಿತು. ತಾವು ಜೀಪು ಹತ್ತಿಸಿದ ನನ್ನ ತಮ್ಮನ ವಿಚಾರ ಮಾವನೂ ಎತ್ತಲಿಲ್ಲ, ಬೀದಿಯೂ ಎತ್ತಲಿಲ್ಲ. ಅವನು ಬೇರೆ ದೇವರ ಮನೆಯವನು. ಅವನಿಗಾದದ್ದು ಅವರ ಮನೆಯ ಲೆಕ್ಕಕ್ಕೆ ಬರುವುದಿಲ್ಲ.

ವೆರಿಫಿಕೇಶನ್ ಯಾವ ಕಲೆಯೂ ಇಲ್ಲದೆ ಹೋಯಿತು. ಆದೇಶ ಬಂತು. ತಮ್ಮ ಈಗ ಕುರ್ಚಿಯ ಮೇಲೆಯೇ ಕೂರುತ್ತಾನೆ. ಚಳ್ಳಕೆರೆಗೆ ಬಂದರೆ ನನ್ನನ್ನು ಬಸ್‌ಸ್ಟ್ಯಾಂಡಿಗೆ ಕರೆಸಿಕೊಂಡು ಮಾತಾಡಿಸುತ್ತಾನೆ, ಮನೆಗೆ ಬರುವುದಿಲ್ಲ. ಬಾ ಎಂದು ನಾನೂ ಕರೆಯುವುದಿಲ್ಲ. ಒಮ್ಮೆ ಮಾತ್ರ ಕೇಳಿದ, “ನಿಮ್ಮನೆ ದೇವ್ರು ಚೆನ್ನಾಗಿದಾರಾ ಅಕ್ಕಾ?” ಇಬ್ಬರೂ ನಕ್ಕೆವು. ಆಮೇಲೆ ಅವನು ಟೀ ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದ.

ಠಾಣೆಯಿಂದ ಬಂದ ಸಂಜೆಯೇ ನಾನು ಬೀಗ ಬದಲಿಸಿದ್ದೆ. ಅತ್ತೆ ಅಳಲಿಲ್ಲ, ಗಂಡ ಲಾರಿ ನಂಬರು ಎನ್ನಲಿಲ್ಲ. ಹೊಸ ಪದ ಏನೆಂದು ಕೇಳುವ ಧೈರ್ಯ ಇದುವರೆಗೂ ಯಾರಿಗೂ ಬಂದಿಲ್ಲ. ಡಬ್ಬಿ ಹೋಗಿ ಬೇರೆ ಡಬ್ಬಿ ಬಂತು, ಹೊಸ ಹೊಸ ಮೊಬೈಲುಗಳು ಬಂದವು. ಎಲ್ಲವನ್ನೂ ತಂದು ನನ್ನ ಮುಂದಿಡುತ್ತಾರೆ, ನಾನು ಪರದೆ ನನ್ನ ಕಡೆ ತಿರುಗಿಸಿಕೊಂಡು ಹೊಡೆದುಕೊಡುತ್ತೇನೆ. ಅವರಲ್ಲಿ ಯಾರಾದರೂ ಊಹಿಸಬಹುದಿತ್ತು. ಎಲ್ಲರಿಗೂ ಕೇಳಿಸುವ ಹಾಗೆ, ನಮ್ಮ ಮನೆಯ ಮುಂದೆಯೇ, ಹಾಡುಹಗಲಲ್ಲಿ ಹೇಳಿದ ಮಾತು ಅದು. ಜೀಪಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹೇಳಿದ ಮಾತು. ನೇನೇಮೀ ಚೇಯಲೇದು. ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ.

ಆ ಮಾತು ಈ ಮನೆಯಲ್ಲಿ ಒಬ್ಬರಿಗೂ ನೆನಪಿಲ್ಲದ್ದರಿಂದಲೇ ಇಷ್ಟು ವರ್ಷ ನಮ್ಮ ಬೀಗ ಭದ್ರವಾಗಿತ್ತು. ಇದನ್ನು ಬರೆದು ಮುಗಿಸಿದ ಮೇಲೆ ಅದನ್ನೂ ಬದಲಿಸಬೇಕು.